ಮನೆ ಗ್ಯಾರೇಜಿಗೆ ಏರ್ ಕಂಪ್ರೆಸರ್ ಆರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೇಲಿ ಕಂಪ್ರೆಸರ್ ಇದೆ ಅಂತ ನಾಲ್ಕು ಜನಕ್ಕೆ ಗೊತ್ತಾದರೆ ಸಾಕು, ಫೋನ್ ಶುರುವಾಗುತ್ತದೆ. "ನಾನೂ ಒಂದು ತಗೊಳ್ಳೋಣ ಅಂತಿದ್ದೀನಿ, ಯಾವುದು ತಗೊಳ್ಳಲಿ?" ಹೇಳಿದ್ದನ್ನೇ ಹೇಳಿ ಹೇಳಿ ಕೊನೆಗೆ ಬರೆದಿಟ್ಟುಬಿಡೋಣ ಅನ್ನಿಸಿತು. ನಾನು ಮೊದಲನೆಯದನ್ನು ಬಾಕ್ಸ್ ನೋಡಿ ಕೊಂಡವನು, ಎರಡನೆಯದನ್ನು ಲೆಕ್ಕ ಹಾಕಿ ಕೊಂಡವನು. ಕೆಳಗಿರುವುದೆಲ್ಲ ಈ ಎರಡರ ನಡುವೆ ಕಲಿತದ್ದು.

ನನಗೆ ನಿಜವಾಗಲೂ ಕಂಪ್ರೆಸರ್ ಬೇಕಾ?

ಕಾರು, ಬೈಕಿನ ಟೈರಿಗೆ ಗಾಳಿ ಹಾಕುವುದಷ್ಟೇ ಕೆಲಸವಾದರೆ ಬೇಡ. 12 ವೋಲ್ಟಿನ ಸಣ್ಣ ಇನ್‌ಫ್ಲೇಟರ್ ಸಾಕು. ಡಿಕ್ಕಿಯಲ್ಲಿ ಇಟ್ಟುಕೊಂಡರೆ ದಾರಿಯಲ್ಲೂ ಉಪಯೋಗಕ್ಕೆ ಬರುತ್ತದೆ. ನಿಧಾನ, ನಿಜ. ಆದರೆ ತಿಂಗಳಿಗೊಮ್ಮೆ ಹತ್ತು ನಿಮಿಷದ ಕೆಲಸಕ್ಕೆ 30 ಕೆಜಿ ತೂಕದ ಯಂತ್ರವನ್ನು ಮೂಲೆಯಲ್ಲಿ ಕೂರಿಸುವುದು ಯಾಕೆ?

ಧೂಳು ಊದುವುದು, ನಟ್ಟು ಬಿಚ್ಚುವ ಇಂಪ್ಯಾಕ್ಟ್ ರೆಂಚ್, ಮೊಳೆ ಹೊಡೆಯುವ ನೇಲರ್, ಸ್ಪ್ರೇ ಪೇಂಟಿಂಗ್, ಹಳೇ ಬಣ್ಣ ಉಜ್ಜುವ ಸ್ಯಾಂಡಿಂಗ್, ಇವುಗಳಲ್ಲಿ ಎರಡು ಮೂರಾದರೂ ನಿಮ್ಮ ಪಟ್ಟಿಯಲ್ಲಿದ್ದರೆ ಮುಂದೆ ಓದಿ.

ಬಾಕ್ಸ್ ಮೇಲೆ ಎಚ್‌ಪಿ, ಲೀಟರ್, ಬಾರ್, ಸಿಎಫ್‌ಎಂ ಅಂತ ಏನೇನೋ ಇದೆ. ಯಾವುದನ್ನು ನೋಡಬೇಕು?

ಸಿಎಫ್‌ಎಂ. ಒಂದು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಕೊಡುತ್ತದೆ ಅನ್ನುವ ಲೆಕ್ಕ ಇದು. ಕೆಲವು ಕಂಪನಿಗಳು ನಿಮಿಷಕ್ಕೆ ಇಷ್ಟು ಲೀಟರ್ ಅಂತ ಬರೆಯುತ್ತವೆ. 1 ಸಿಎಫ್‌ಎಂ ಅಂದರೆ ನಿಮಿಷಕ್ಕೆ ಸುಮಾರು 28 ಲೀಟರ್.

ಮಿಕ್ಕವು ಹೀಗೆ. ಬಾರ್ ಅಥವಾ ಪಿಎಸ್‌ಐ ಅಂದರೆ ಒತ್ತಡ. 1 ಬಾರ್ ಅಂದರೆ 14.5 ಪಿಎಸ್‌ಐ. ಮನೆಯ ಬಹುತೇಕ ಟೂಲ್‌ಗಳಿಗೆ 90 ಪಿಎಸ್‌ಐ, ಅಂದರೆ 6 ಬಾರಿಗಿಂತ ಸ್ವಲ್ಪ ಜಾಸ್ತಿ ಬೇಕು. ಸಣ್ಣಪುಟ್ಟ ಕಂಪ್ರೆಸರ್‌ಗಳೂ 8 ಬಾರ್ ಮುಟ್ಟುತ್ತವೆ, ಹಾಗಾಗಿ ಒತ್ತಡದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಲೀಟರ್ ಅಂದರೆ ಟ್ಯಾಂಕಿನ ಅಳತೆ. ಎಚ್‌ಪಿ ಅಂದರೆ ಹಾರ್ಸ್‌ಪವರ್, ಮೋಟಾರಿನ ಶಕ್ತಿ.

ಎಚ್‌ಪಿ ನಂಬಿ ಮೋಸ ಹೋಗುವವರೇ ಜಾಸ್ತಿ. "ಪೀಕ್ ಎಚ್‌ಪಿ" ಅಂತ ದೊಡ್ಡ ಅಕ್ಷರದಲ್ಲಿ ಹಾಕಿರುತ್ತಾರೆ. ಮೋಟಾರ್ ಶುರುವಾಗುವ ಒಂದು ಗಳಿಗೆಯಲ್ಲಿ ಎಳೆಯುವ ಶಕ್ತಿ ಅದು, ಓಡುವಾಗ ಅಷ್ಟು ಇರುವುದಿಲ್ಲ. 1 ಎಚ್‌ಪಿ ಅಂದರೆ 746 ವ್ಯಾಟ್. 230 ವೋಲ್ಟಿನ 16 ಆಂಪ್ ಪ್ಲಗ್ಗಿನಿಂದ ಸಿಗುವುದೇ ಹೆಚ್ಚೆಂದರೆ 3680 ವ್ಯಾಟ್. ಮೋಟಾರಿನಲ್ಲಿ ಬಿಸಿಯಾಗಿ ಹೋಗುವ ಪಾಲು ಕಳೆದರೆ ಅಂಥ ಪ್ಲಗ್ಗಿನಲ್ಲಿ 5 ಎಚ್‌ಪಿ ಓಡುವುದು ಸಾಧ್ಯವೇ ಇಲ್ಲ. ಒಂದು ಸುಮಾರು ಲೆಕ್ಕ ಬೇಕಿದ್ದರೆ, ನಿಜವಾದ 1 ಎಚ್‌ಪಿಗೆ 90 ಪಿಎಸ್‌ಐನಲ್ಲಿ 3ರಿಂದ 4 ಸಿಎಫ್‌ಎಂ. ಅದಕ್ಕಿಂತ ತುಂಬಾ ಜಾಸ್ತಿ ಬರೆದಿದ್ದರೆ ಅನುಮಾನ ಪಡಿ.

ದೊಡ್ಡ ಟ್ಯಾಂಕ್ ತಗೊಂಡರೆ ಸಾಕಲ್ವಾ?

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ತಾರಸಿಯ ಮೇಲಿನ ನೀರಿನ ಟ್ಯಾಂಕನ್ನೇ ನೆನೆಸಿಕೊಳ್ಳಿ. ಮೋಟಾರ್ ಸಣ್ಣ ಧಾರೆಯಲ್ಲಿ ತುಂಬಿಸುತ್ತಿದೆ, ಕೆಳಗೆ ನೀವು ನಾಲ್ಕು ನಲ್ಲಿ ತಿರುಗಿಸಿಟ್ಟಿದ್ದೀರಿ. ಟ್ಯಾಂಕ್ ಎಷ್ಟೇ ದೊಡ್ಡದಿರಲಿ, ಖಾಲಿಯಾಗುವುದು ಸ್ವಲ್ಪ ತಡವಾಗುತ್ತದೆ, ಅಷ್ಟೇ.

ಲೆಕ್ಕ ಹಾಕಿ ನೋಡೋಣ. ಸ್ಯಾಂಡರ್ ನಿಮಿಷಕ್ಕೆ 250 ಲೀಟರ್ ಗಾಳಿ ತಿನ್ನುತ್ತದೆ ಅನ್ನಿ. ಕಂಪ್ರೆಸರ್ 100 ಲೀಟರ್ ಕೊಡುತ್ತದೆ. ಪ್ರತಿ ನಿಮಿಷ 150 ಲೀಟರ್ ಕೊರತೆ, ಅದನ್ನು ಟ್ಯಾಂಕ್ ತುಂಬಿಕೊಡಬೇಕು. ಟ್ಯಾಂಕಿನ ಒತ್ತಡ 8 ಬಾರಿನಿಂದ 5ಕ್ಕೆ ಇಳಿದರೆ ಸ್ಯಾಂಡರ್ ಸುಸ್ತಾಗುತ್ತದೆ. ಈ 3 ಬಾರ್ ಇಳಿಕೆಯಲ್ಲಿ 24 ಲೀಟರ್ ಟ್ಯಾಂಕಿನಿಂದ ಸಿಗುವ ಗಾಳಿ 24 ಗುಣಿಸು 3, ಅಂದರೆ 72 ಲೀಟರ್. ಅರ್ಧ ನಿಮಿಷಕ್ಕೆ ಕಥೆ ಮುಗೀತು. 50 ಲೀಟರ್ ಟ್ಯಾಂಕಾದರೆ ಒಂದು ನಿಮಿಷ. 100 ಲೀಟರಾದರೆ ಎರಡು ನಿಮಿಷ. ಆ 100 ಲೀಟರ್ ಟ್ಯಾಂಕ್ ಮತ್ತೆ 8 ಬಾರಿಗೆ ಏರಲು ಮೂರು ನಿಮಿಷ ಕಾಯಬೇಕು. ಎರಡು ನಿಮಿಷ ಕೆಲಸ, ಮೂರು ನಿಮಿಷ ಕೈಕಟ್ಟಿ ನಿಲ್ಲುವುದು.

ಹಾಗಂತ ಟ್ಯಾಂಕ್ ದಂಡ ಅಂತಲ್ಲ. ನೇಲರ್, ಇಂಪ್ಯಾಕ್ಟ್ ರೆಂಚ್ ಥರ ಬಿಟ್ಟು ಬಿಟ್ಟು ಗಾಳಿ ಕೇಳುವ ಟೂಲ್‌ಗಳಿಗೆ ದೊಡ್ಡ ಟ್ಯಾಂಕ್ ಬಹಳ ಅನುಕೂಲ. ಮೋಟಾರ್ ಪದೇ ಪದೇ ಆನ್ ಆಗುವುದೂ ತಪ್ಪುತ್ತದೆ. ಒಂದೇ ಸಮನೆ ಎಳೆಯುವ ಟೂಲ್‌ಗೆ ಮಾತ್ರ ಗಾಳಿ ಒತ್ತುವ ಪಂಪೇ ದೊಡ್ಡದಿರಬೇಕು.

ಯಾವ ಟೂಲ್‌ಗೆ ಎಷ್ಟು ಗಾಳಿ ಬೇಕು?

ಟೂಲ್ ಜೊತೆ ಬರುವ ಪುಸ್ತಕದಲ್ಲಿ ಸರಿಯಾದ ಅಂಕಿ ಇರುತ್ತದೆ. ಅಂದಾಜು ಬೇಕಿದ್ದರೆ: ಸಣ್ಣ ಮೊಳೆಯ ನೇಲರ್‌ಗೆ 1 ಸಿಎಫ್‌ಎಂ ಕೂಡ ಬೇಡ. ಅರ್ಧ ಇಂಚಿನ ಇಂಪ್ಯಾಕ್ಟ್ ರೆಂಚ್‌ಗೆ 4ರಿಂದ 5. ಡೈ ಗ್ರೈಂಡರ್‌ಗೆ 4ರಿಂದ 6. ಎಚ್‌ವಿಎಲ್‌ಪಿ (ಕಡಿಮೆ ಒತ್ತಡ, ಜಾಸ್ತಿ ಗಾಳಿ) ಸ್ಪ್ರೇ ಗನ್‌ಗೆ 8ರಿಂದ 14. ಸುತ್ತು ತಿರುಗುವ ಸ್ಯಾಂಡರ್‌ಗೆ 8ರಿಂದ 12. ಹೊಟ್ಟೆಬಾಕರ ಸಾಲಿನಲ್ಲಿ ಈ ಸ್ಯಾಂಡರೂ ಒಂದು. ನೋಡಲು ಅಂಗೈಯಷ್ಟಗಲ, ಗಾಳಿ ಕುಡಿಯುವುದರಲ್ಲಿ ರಾಕ್ಷಸ.

ಟೈರ್ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. ಸಾಧಾರಣ ಕಾರಿನ ಟೈರಿನೊಳಗೆ ಸುಮಾರು 30 ಲೀಟರ್ ಜಾಗ. 5 ಪಿಎಸ್‌ಐ ಕಡಿಮೆಯಾಗಿದ್ದರೆ ಅದಕ್ಕೆ ಬೇಕಾದ ಗಾಳಿ 10 ಲೀಟರ್ ಅಷ್ಟೇ. ತುಂಬಿದ 24 ಲೀಟರ್ ಟ್ಯಾಂಕಿನಲ್ಲಿ ಮೋಟಾರ್ ಆನ್ ಆಗದೇ ನಾಲ್ಕೂ ಟೈರ್ ಮುಗಿಯುತ್ತವೆ.

ನಿಮ್ಮ ಟೂಲ್‌ಗಳಲ್ಲಿ ಅತಿ ಹೆಚ್ಚು ಗಾಳಿ ಕೇಳುವುದು ಯಾವುದು ನೋಡಿ. ಅದರ ಅಂಕಿಗೆ ಕಾಲು ಭಾಗ ಸೇರಿಸಿ. ಅಷ್ಟು ಕೊಡುವ ಕಂಪ್ರೆಸರ್ ಹುಡುಕಿ. ಎಲ್ಲ ಟೂಲ್‌ಗಳದ್ದೂ ಕೂಡಿಸಬೇಕಾಗಿಲ್ಲ, ನಿಮಗಿರುವುದು ಎರಡೇ ಕೈ ಅಲ್ವಾ.

ಒಂದೇ ಕಂಪ್ರೆಸರ್‌ಗೆ ಎರಡು ಥರದ ಸಿಎಫ್‌ಎಂ ಬರೆದಿದೆ. ಯಾವುದು ನಿಜ?

ದೊಡ್ಡ ಅಂಕಿ ಡಿಸ್‌ಪ್ಲೇಸ್‌ಮೆಂಟ್. ಸಿಲಿಂಡರಿನ ಅಗಲ, ಪಿಸ್ಟನ್ ಓಡಾಡುವ ದೂರ, ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದನ್ನು ಗುಣಿಸಿ ಬಂದ ಕಾಗದದ ಲೆಕ್ಕ. ಸಣ್ಣದು ಎಫ್‌ಎಡಿ, ಅಂದರೆ ನಿಜವಾಗಿ ಹೊರಗೆ ಬರುವ ಗಾಳಿ. ವಾಲ್ವ್, ಪಿಸ್ಟನ್ನಿನ ರಿಂಗು, ಬಿಸಿ ಎಲ್ಲ ಸೇರಿ ಒಂದಷ್ಟು ತಿಂದುಬಿಡುತ್ತವೆ. ಸಣ್ಣ ಪಿಸ್ಟನ್ ಕಂಪ್ರೆಸರ್‌ಗಳಲ್ಲಿ ಬರೆದದ್ದರ ಮೂರನೇ ಎರಡು ಭಾಗ ಹೊರಬಂದರೆ ಒಳ್ಳೆಯದೇ. ಒಂದೇ ಅಂಕಿ ಇದ್ದು, ಪಕ್ಕದಲ್ಲಿ "ಇಷ್ಟು ಬಾರ್‌ನಲ್ಲಿ" ಅಂತ ಇಲ್ಲದಿದ್ದರೆ ಅದು ಡಿಸ್‌ಪ್ಲೇಸ್‌ಮೆಂಟ್ ಅಂತಲೇ ತಿಳಿಯಿರಿ.

ಬರೆದದ್ದು ನಿಜವೋ ಸುಳ್ಳೋ ನಾನೇ ನೋಡಬಹುದಾ?

ಖಂಡಿತ. ಗಡಿಯಾರ ಒಂದಿದ್ದರೆ ಸಾಕು. ಹೊರಗೆ ಹೋಗುವ ವಾಲ್ವ್ ಮುಚ್ಚಿ, ಮೋಟಾರ್ ಓಡಿಸಿ. ಟ್ಯಾಂಕಿನ ಮೀಟರ್ ಮುಳ್ಳು 5 ಬಾರ್ ಮುಟ್ಟಿದಾಗ ಸಮಯ ನೋಡಿಕೊಳ್ಳಿ, 7 ಮುಟ್ಟಿದಾಗ ಮತ್ತೆ ನೋಡಿ. ಟ್ಯಾಂಕಿನ ಲೀಟರನ್ನು 2ರಿಂದ ಗುಣಿಸಿ, ಹಿಡಿದ ಸೆಕೆಂಡುಗಳಿಂದ ಭಾಗಿಸಿ, 60ರಿಂದ ಗುಣಿಸಿ. ಅದೇ ನಿಮಿಷಕ್ಕೆ ಬರುವ ಲೀಟರ್.

ನನ್ನ ಮೊದಲ ಕಂಪ್ರೆಸರ್ 24 ಲೀಟರಿನದ್ದು. ಬಾಕ್ಸ್ ಮೇಲೆ ನಿಮಿಷಕ್ಕೆ 150 ಲೀಟರ್ ಅಂತ ಬರೆದಿತ್ತು. ಗೇಟಿನ ಹಳೇ ಬಣ್ಣ ಉಜ್ಜಿ ತೆಗೆಯಲು ಸ್ಯಾಂಡರ್ ಹಾಕಿದೆ. ಒಂದು ಸರಳು ಮುಗಿಯುವಷ್ಟರಲ್ಲಿ ಸ್ಯಾಂಡರ್ ತಿಣುಕುತ್ತಾ ನಿಂತೇಬಿಟ್ಟಿತು. ಟೂಲ್ ಕೆಟ್ಟಿದೆ ಅಂದುಕೊಂಡು ಅದನ್ನು ಬಿಚ್ಚಿಟ್ಟು ಒಂದು ಮಧ್ಯಾಹ್ನ ಹಾಳು ಮಾಡಿದೆ. ಆಮೇಲೆ ಗಡಿಯಾರ ಹಿಡಿದು ಕೂತೆ. 5ರಿಂದ 7 ಬಾರ್‌ಗೆ 33 ಸೆಕೆಂಡ್. ಲೆಕ್ಕ ಹಾಕಿದರೆ ನಿಮಿಷಕ್ಕೆ 87 ಲೀಟರ್, ಅಂದರೆ 3 ಸಿಎಫ್‌ಎಂ ಚಿಲ್ಲರೆ. ಸ್ಯಾಂಡರ್ ಕೇಳುತ್ತಿದ್ದದ್ದು 9. ಗೇಟಿನ ಉಳಿದ ಸರಳುಗಳನ್ನು ಕೈಯಲ್ಲೇ ಉಜ್ಜಿದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗಲೂ ಇದೇ ಪರೀಕ್ಷೆ ಮಾಡಿ. ರಿಂಗು ಸವೆದಿದ್ದರೆ ಮುಳ್ಳು ತೆವಳುವುದು ಕಣ್ಣಿಗೇ ಕಾಣುತ್ತದೆ.

ಆಯಿಲ್ ಇರುವುದು ಒಳ್ಳೆಯದಾ, ಆಯಿಲ್ ಫ್ರೀ ಒಳ್ಳೆಯದಾ?

ವಾರಕ್ಕೊಮ್ಮೆ ಅರ್ಧ ಗಂಟೆ ಬಳಸುವವರಿಗೆ ಆಯಿಲ್ ಫ್ರೀ ಸರಿ. ಹಗುರ, ಆಯಿಲ್ ನೋಡುವ ರಗಳೆ ಇಲ್ಲ, ಹೇಗೆ ಬೇಕಾದರೂ ಎತ್ತಿಕೊಂಡು ಹೋಗಬಹುದು. ಆದರೆ ಪಿಸ್ಟನ್ ಒಣಗಿಯೇ ಓಡುವುದರಿಂದ ಸೀಲ್ ಬೇಗ ಸವೆಯುತ್ತದೆ.

ಒಂದೇ ಸಮನೆ ಓಡಿಸುವ ಕೆಲಸವಿದ್ದರೆ ಆಯಿಲ್ ಇರುವುದೇ ವಾಸಿ. ಆಯುಸ್ಸು ಜಾಸ್ತಿ. ಆಯಿಲ್ ಮಟ್ಟ ನೋಡುವ ಗಾಜಿನ ಕಣ್ಣು ಪಕ್ಕದಲ್ಲೇ ಇರುತ್ತದೆ, ಓಡಿಸುವ ಮುಂಚೆ ಅದರ ಮೇಲೊಮ್ಮೆ ಕಣ್ಣಾಡಿಸಿದರೆ ಆಯಿತು. ಗಾಡಿಗೆ ಹಾಕಿ ಉಳಿದ ಎಂಜಿನ್ ಆಯಿಲನ್ನು ಇದಕ್ಕೆ ಸುರಿಯಬೇಡಿ. ಅದರಲ್ಲಿರುವ ಡಿಟರ್ಜೆಂಟ್ ಕಂಪ್ರೆಸರಿನ ವಾಲ್ವ್ ಮೇಲೆ ಇಂಗಾಲ ಕಟ್ಟಲು ದಾರಿ ಮಾಡುತ್ತದೆ, ನೀರಿನ ಜೊತೆ ಬೆರೆತು ಕೆನೆಯಂತಾಗುತ್ತದೆ. ಕಂಪ್ರೆಸರ್ ಆಯಿಲ್ ಅಂತಲೇ ಬೇರೆ ಸಿಗುತ್ತದೆ.

ಬೆಲ್ಟ್ ಇರುವುದಾ, ಡೈರೆಕ್ಟಾ?

ಡೈರೆಕ್ಟ್‌ನಲ್ಲಿ ಪಂಪು ಮೋಟಾರಿನ ವೇಗದಲ್ಲೇ ತಿರುಗುತ್ತದೆ, ಸಾಮಾನ್ಯವಾಗಿ ನಿಮಿಷಕ್ಕೆ 2800 ಸುತ್ತಿನ ಆಸುಪಾಸು. ಬೆಲ್ಟ್ ಇರುವುದರಲ್ಲಿ ದೊಡ್ಡ ಚಕ್ರ ಹಾಕಿ ವೇಗವನ್ನು ಸಾವಿರದ ಸುತ್ತಮುತ್ತ ಇಳಿಸಿರುತ್ತಾರೆ. ನಿಧಾನವಾಗಿ ತಿರುಗುವ ಪಂಪು ಕಡಿಮೆ ಬಿಸಿಯಾಗುತ್ತದೆ, ಕಡಿಮೆ ಗದ್ದಲ ಮಾಡುತ್ತದೆ. ತೂಕ ಮಾತ್ರ ಜಾಸ್ತಿ. ಒಂದೇ ಕಡೆ ಇಟ್ಟಿರುವಂತಿದ್ದರೆ ಬೆಲ್ಟ್, ಎತ್ತಿಕೊಂಡು ಓಡಾಡುವಂತಿದ್ದರೆ ಡೈರೆಕ್ಟ್.

ಶಬ್ದ ಎಷ್ಟಿರುತ್ತದೆ? ಅಕ್ಕಪಕ್ಕದವರು ಬಯ್ಯುವುದಿಲ್ಲವಾ?

ಸಾಧಾರಣ ಆಯಿಲ್ ಫ್ರೀ ಕಂಪ್ರೆಸರ್ 80ರಿಂದ 90 ಡೆಸಿಬಲ್ ಹೊಡೆಯುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಪಕ್ಕದಲ್ಲಿ ನಿಂತವರ ಮಾತು ಕೇಳುವುದಿಲ್ಲ. "ಸೈಲೆಂಟ್" ಅಂತ ಬರುವವು 60ರಿಂದ 70ರ ನಡುವೆ ಇರುತ್ತವೆ. ಅವುಗಳಲ್ಲಿ ಮೋಟಾರಿನ ವೇಗ ಅರ್ಧ, ಸುಮಾರು 1400 ಸುತ್ತು. 10 ಡೆಸಿಬಲ್ ಇಳಿದರೆ ಕಿವಿಗೆ ಶಬ್ದ ಅರ್ಧವಾದಂತೆ ಕೇಳಿಸುತ್ತದೆ, ಆದ್ದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಮನೆಗೆ ಅಂಟಿಕೊಂಡ ಗ್ಯಾರೇಜಾದರೆ ನಾನು ಸೈಲೆಂಟ್ ಕಡೆಗೇ ವಾಲುತ್ತೇನೆ. ಶಬ್ದಕ್ಕೆ ಹೆದರಿ ಬಳಸದೇ ಬಿಟ್ಟ ಕಂಪ್ರೆಸರ್‌ಗಳನ್ನು ತುಂಬಾ ನೋಡಿದ್ದೇನೆ.

ಕೆಳಗೆ ದಪ್ಪ ರಬ್ಬರ್ ಹಾಸಿ, ಅರ್ಧ ಗಡಗಡ ಅಲ್ಲೇ ನಿಲ್ಲುತ್ತದೆ. ಪೆಟ್ಟಿಗೆ ಮಾಡಿ ಮುಚ್ಚಿಡಬೇಡಿ, ಬಿಸಿ ಹೊರಗೆ ಹೋಗದೆ ಮೋಟಾರ್ ಸುಡುತ್ತದೆ.

ಮನೆಯ ಮಾಮೂಲಿ ಪ್ಲಗ್ಗಿಗೆ ಹಾಕಬಹುದಾ?

ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್ಗಿಗೆ ಬೇಡ. 230 ವೋಲ್ಟ್ ಲೈನಿನಲ್ಲಿ 2 ಎಚ್‌ಪಿ ಮೋಟಾರ್ ಓಡುವಾಗ 9ರಿಂದ 10 ಆಂಪ್ ಎಳೆಯುತ್ತದೆ. ಶುರುವಾಗುವ ಗಳಿಗೆಯಲ್ಲಿ ಅದರ ಐದಾರು ಪಟ್ಟು. 16 ಆಂಪಿನ ದೊಡ್ಡ ಪ್ಲಗ್ಗೇ ಬೇಕು. 3 ಎಚ್‌ಪಿ ಅಂದರೆ ಆ ಪ್ಲಗ್ಗಿನ ಅಂಚಿಗೆ ಬಂದಂತೆ, ಅಲ್ಲಿ ಎಲೆಕ್ಟ್ರಿಷಿಯನ್ನನ್ನು ಕೇಳಿಯೇ ಮುಂದುವರಿಯಿರಿ.

ಎಕ್ಸ್‌ಟೆನ್ಶನ್ ಬಾಕ್ಸ್ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಮೋಟಾರ್ ಕೊಲ್ಲುವುದು ಬಹಳ ಸಲ ಇದೇ. ಉದ್ದನೆಯ ತೆಳು ವೈರಿನಲ್ಲಿ ವೋಲ್ಟೇಜ್ ಬಿದ್ದುಹೋಗುತ್ತದೆ. ಮೋಟಾರ್ "ಹ್ಞೂಂ" ಅಂತ ಮುಲುಗುತ್ತದೆ, ತಿರುಗುವುದಿಲ್ಲ. ಹತ್ತು ಸೆಕೆಂಡ್ ಹಾಗೇ ಬಿಟ್ಟರೆ ಸುಟ್ಟ ವಾಸನೆ. ದೂರ ಹೋಗಬೇಕಿದ್ದರೆ ಕರೆಂಟಿನ ವೈರ್ ಉದ್ದ ಮಾಡಬೇಡಿ, ಗಾಳಿಯ ಪೈಪ್ ಉದ್ದ ಮಾಡಿ. ವೈರೇ ಬೇಕು ಅಂದರೆ 2.5 ಚದರ ಮಿಲಿಮೀಟರಿಗಿಂತ ತೆಳುವಾದದ್ದು ಬೇಡ, ಸುರುಳಿ ಪೂರ್ತಿ ಬಿಚ್ಚಿಯೇ ಬಳಸಿ.

ಮನೆಯ ಯುಪಿಎಸ್‌ನಲ್ಲಿ ಓಡುತ್ತದಾ?

ಇಲ್ಲ. ಶುರುವಾಗುವ ಆ ಒಂದು ಎಳೆತಕ್ಕೇ ಅದು ಕೈ ಎತ್ತುತ್ತದೆ.

ನಿಲ್ಲಿಸದೆ ಎಷ್ಟು ಹೊತ್ತು ಓಡಿಸಬಹುದು?

ಪುಸ್ತಕದಲ್ಲಿ ಡ್ಯೂಟಿ ಸೈಕಲ್ ಅಂತ ಹುಡುಕಿ. 50 ಪರ್ಸೆಂಟ್ ಅಂದರೆ ಹತ್ತು ನಿಮಿಷದಲ್ಲಿ ಐದು ನಿಮಿಷ ಓಟ, ಐದು ನಿಮಿಷ ವಿಶ್ರಾಂತಿ. ಮನೆಯ ಸಣ್ಣ ಕಂಪ್ರೆಸರ್‌ಗಳು ಬಹುತೇಕ ಇದೇ ಲೆಕ್ಕದವು. ಗಾಳಿ ಸಾಲದ ಕಂಪ್ರೆಸರಿನಲ್ಲಿ ದೊಡ್ಡ ಟೂಲ್ ಓಡಿಸಿದರೆ ಮೋಟಾರಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಕೆಲಸ ನಿಧಾನವಾಗುವುದರ ಜೊತೆಗೆ ಯಂತ್ರವೂ ಸಾಯುತ್ತದೆ.

ಟ್ಯಾಂಕಿನಿಂದ ನೀರು ಬರುತ್ತಿದೆ. ಕೆಟ್ಟಿದೆಯಾ?

ಕೆಟ್ಟಿಲ್ಲ. ಗಾಳಿಯಲ್ಲಿರುವ ತೇವವೇ ಅದು. ಗಾಳಿಯನ್ನು ಒತ್ತಿ, ತಣಿಯಲು ಬಿಟ್ಟರೆ ತೇವ ನೀರಾಗಿ ಕೆಳಗೆ ಕೂರುತ್ತದೆ. ಸೆಕೆಗಾಲದ ಜಿಗುಟು ದಿನ, 30 ಡಿಗ್ರಿ ಬಿಸಿಲಿನಲ್ಲಿ ನಿಮಿಷಕ್ಕೆ 100 ಲೀಟರ್ ಎಳೆಯುವ ಕಂಪ್ರೆಸರ್ ಒಂದು ಗಂಟೆ ಓಡಿದರೆ 100 ಮಿಲಿಲೀಟರಿಗಿಂತ ಜಾಸ್ತಿ ನೀರು ಇಳಿಯಬಹುದು.

ಟ್ಯಾಂಕಿನ ಅಡಿಯಲ್ಲಿ ಒಂದು ಸಣ್ಣ ವಾಲ್ವ್ ಇದೆ. ಕೆಲಸ ಮುಗಿದ ಮೇಲೆ ಸ್ವಲ್ಪ ಒತ್ತಡ ಉಳಿದಿರುವಾಗಲೇ ಅದನ್ನು ತಿರುಗಿಸಿ, ನೀರು ಪಿಚ್ಚನೆ ಹೊರಗೆ ಬರುತ್ತದೆ. ನಾನು ಒಂದು ಮಳೆಗಾಲ ಪೂರ್ತಿ ಮರೆತಿದ್ದೆ. ಆಮೇಲೆ ತೆರೆದಾಗ ಬಂದದ್ದು ಇಟ್ಟಿಗೆ ಬಣ್ಣದ ಗಸಿ. ಅದು ಟ್ಯಾಂಕಿನ ಕಬ್ಬಿಣವೇ ಕರಗಿ ಬಂದದ್ದು ಅಂತ ಹೊಳೆದಾಗ ಕೈ ತಣ್ಣಗಾಯಿತು. ಒಳಗಿಂದ ತುಕ್ಕು ತಿಂದ ಟ್ಯಾಂಕ್ ಹೊರಗೆ ಹೊಸದರಂತೆ ಕಾಣುತ್ತದೆ, ಒಂದು ದಿನ ಒಡೆಯುತ್ತದೆ.

ಹಳೆಯದು ತಗೊಳ್ಳುವಾಗ ಏನು ನೋಡಬೇಕು?

ಮೊದಲು ಟ್ಯಾಂಕ್, ಆಮೇಲೆ ಮೋಟಾರ್. ಮೋಟಾರ್ ಬದಲಾಯಿಸಬಹುದು, ಪಂಪಿಗೆ ರಿಂಗು ಹಾಕಿಸಬಹುದು, ತುಕ್ಕು ಹಿಡಿದ ಟ್ಯಾಂಕಿಗೆ ಔಷಧಿ ಇಲ್ಲ. ಅಡಿಯ ವಾಲ್ವ್ ತೆರೆದು ಏನು ಬರುತ್ತದೆ ನೋಡಿ. ಟ್ಯಾಂಕ್ ಮೇಲೆ ವೆಲ್ಡಿಂಗ್ ತೇಪೆ, ಹೊಸದಾಗಿ ಬಳಿದ ದಪ್ಪ ಬಣ್ಣ ಕಂಡರೆ ನಮಸ್ಕಾರ ಹೇಳಿ ಎದ್ದು ಬನ್ನಿ. "ಒಂದೇ ಒಂದು ತೂತು, ಮುಚ್ಚಿಸಿದ್ದೀವಿ" ಅನ್ನುವವರ ಮಾತು ಕೇಳಬೇಡಿ. ಒಂದು ತೂತು ಬಿದ್ದಿದೆ ಅಂದರೆ ಸುತ್ತಲಿನ ತಗಡೂ ತೆಳುವಾಗಿದೆ.

ನಿಂತ ಮೇಲೆ "ಸ್ಸ್" ಅನ್ನುತ್ತದೆ. ಲೀಕಾ?

ಒಂದೆರಡು ಸೆಕೆಂಡ್ ಮಾತ್ರ ಅಂದು ನಿಂತರೆ ಲೀಕ್ ಅಲ್ಲ. ಪಂಪಿನ ತಲೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಅನ್‌ಲೋಡರ್ ವಾಲ್ವ್ ಹೊರಗೆ ಬಿಡುವ ಸದ್ದು. ಮುಂದಿನ ಸಲ ಮೋಟಾರ್ ಹಗುರಾಗಿ ಶುರುವಾಗಲಿ ಅಂತ. ಈ ಸದ್ದು ಬಾರದಿದ್ದರೇ ಯೋಚನೆ ಮಾಡಬೇಕು.

"ಸ್ಸ್" ನಿಲ್ಲುವುದೇ ಇಲ್ಲ ಅಂದರೆ ಟ್ಯಾಂಕಿನ ಗಾಳಿ ವಾಪಸ್ ಬರುತ್ತಿದೆ, ಹಾಗೆ ಬರದಂತೆ ತಡೆಯುವ ಚೆಕ್ ವಾಲ್ವ್‌ನಲ್ಲಿ ಕಸ ಸಿಕ್ಕಿರಬಹುದು. ಬಿಚ್ಚುವ ಮುಂಚೆ ಪ್ಲಗ್ ತೆಗೆದು, ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಬೇರೆ ಕಡೆಯ ಲೀಕ್ ಹುಡುಕಲು ಸೋಪಿನ ನೀರು ಹಚ್ಚಿ, ಗುಳ್ಳೆ ಏಳುವ ಜಾಗ ನೋಡಿ.

ಎಂಥ ಪೈಪ್ ಹಾಕಲಿ?

ಜೊತೆಗೆ ಬರುವ ಸುರುಳಿ ಸುರುಳಿ ಪೈಪ್ ಟೈರಿಗೆ, ಧೂಳಿಗೆ ಸರಿ. ಇಂಪ್ಯಾಕ್ಟ್ ರೆಂಚ್‌ಗೆ ಸಾಲದು. ಒಳಗಿನ ತೂತು ತೀರಾ ಸಣ್ಣದು, ಗಾಳಿ ದಾರಿಯಲ್ಲೇ ಸೊರಗುತ್ತದೆ. ರೆಂಚಿಗೆ ಒಳ ಅಗಲ 8ರಿಂದ 10 ಮಿಲಿಮೀಟರ್ ಇರುವ ಪೈಪ್ ಹಾಕಿ. "ನನ್ನ ರೆಂಚ್ ನಟ್ಟು ಬಿಚ್ಚುತ್ತಿಲ್ಲ" ಅನ್ನುವವರಲ್ಲಿ ಎಷ್ಟೋ ಜನರದ್ದು ಪೈಪಿನ ತೊಂದರೆ. ಪೈಪ್ ಜೋಡಿಸುವ ಕಪ್ಲರ್‌ಗಳನ್ನು ಒಂದೇ ಜಾತಿಯವು ತಗೊಳ್ಳಿ, ಬಿಎಸ್‌ಪಿ (ಬ್ರಿಟಿಷ್ ಅಳತೆಯ) ಮರೆಗೆ, ಅಂದರೆ ತಿರುಪಿನ ಗೆರೆಗೆ, ಎನ್‌ಪಿಟಿ (ಅಮೆರಿಕನ್ ಅಳತೆಯ) ಮರೆ ಸೇರಿಸಿದರೆ ಕೂತಂತೆ ಕಂಡರೂ ಸೋರುತ್ತದೆ.

ಗೋಡೆ ಮೇಲೆ ಲೈನ್ ಎಳೆಯಬೇಕು ಅಂದರೆ ನೀರಿನ ಪಿವಿಸಿ ಪೈಪ್ ಮಾತ್ರ ಬೇಡವೇ ಬೇಡ. ನೀರಿನ ಪೈಪ್ ಒಡೆದರೆ ನೆಲ ಒದ್ದೆಯಾಗುತ್ತದೆ. ಅದೇ ಪೈಪಿನಲ್ಲಿ ಗಾಳಿ ಇದ್ದು ಒಡೆದರೆ ಚೂರುಗಳು ಚಾಕುವಿನಂತೆ ಹಾರುತ್ತವೆ.

ಪೇಂಟ್ ಮಾಡಲು ಬೇರೇನಾದರೂ ಬೇಕಾ?

ಒತ್ತಡ ಹೊಂದಿಸುವ ರೆಗ್ಯುಲೇಟರ್ ಜೊತೆ ನೀರು ಹಿಡಿಯುವ ಫಿಲ್ಟರ್ ಬೇಕೇ ಬೇಕು. ಒಂದು ಹನಿ ನೀರು ಅಥವಾ ಆಯಿಲ್ ಸಿಡಿದರೂ ಬಣ್ಣದಲ್ಲಿ ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ಟೂಲ್‌ಗಳಿಗೆ ಆಯಿಲ್ ಹನಿಸುವ ಲ್ಯೂಬ್ರಿಕೇಟರ್ ಹಾಕಿದ ಲೈನನ್ನು ಪೇಂಟಿಗೆ ಬಳಸಬೇಡಿ. ಕಂಪ್ರೆಸರ್ ಸಣ್ಣದಾಗಿದ್ದರೆ ಎಲ್‌ವಿಎಲ್‌ಪಿ (ಕಡಿಮೆ ಒತ್ತಡ, ಕಡಿಮೆ ಗಾಳಿ) ಗನ್ ನೋಡಿ, 3ರಿಂದ 6 ಸಿಎಫ್‌ಎಂನಲ್ಲೇ ಓಡುತ್ತದೆ. ಬಾಗಿಲು, ಕಿಟಕಿಗೆ ಧಾರಾಳ ಸಾಕು.

ಕೆಲಸ ಮುಗಿದ ಮೇಲೆ ಬಟ್ಟೆಯ ಧೂಳು ಊದಿಕೊಳ್ಳಬಹುದಾ?

ಬೇಡ. ಎಲ್ಲರೂ ಮಾಡುತ್ತಾರೆ, ಗೊತ್ತು. ಚರ್ಮದ ಮೇಲಿನ ಸಣ್ಣ ಗಾಯದಿಂದಲೂ ಗಾಳಿ ಒಳಗೆ ನುಗ್ಗಬಹುದು, ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಸಂಚಕಾರ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಕೆಲಸದ ಜಾಗ ಸ್ವಚ್ಛ ಮಾಡುವುದಕ್ಕೇ ಗಾಳಿಯ ಒತ್ತಡ 30 ಪಿಎಸ್‌ಐಗಿಂತ ಕಡಿಮೆ ಇರಬೇಕು ಅನ್ನುತ್ತದೆ. ನಮ್ಮ ಟ್ಯಾಂಕಿನಲ್ಲಿರುವುದು ಅದರ ನಾಲ್ಕು ಪಟ್ಟು. ಮಕ್ಕಳ ಕೈಗೆ ಬ್ಲೋ ಗನ್ ಕೊಡಲೇಬೇಡಿ. ನೀವು ಊದುವಾಗಲೂ ಕನ್ನಡಕ ಇರಲಿ.

ಕಂಪ್ರೆಸರ್ ಮನೆಗೆ ಬಂತು. ಮೊದಲ ದಿನ ಏನು ಮಾಡಲಿ?

ಆಯಿಲ್ ಇರುವುದಾದರೆ ಮಟ್ಟ ನೋಡಿ. ಸಾಗಿಸುವಾಗ ಚೆಲ್ಲದಿರಲಿ ಅಂತ ಖಾಲಿಯೇ ಕಳಿಸುವುದುಂಟು, ಆಯಿಲ್ ತುಂಬುವ ಬಾಯಿಗೆ ಪ್ಲಾಸ್ಟಿಕ್ ಬಿರಡೆ ಹಾಕಿರುತ್ತಾರೆ. ಅದನ್ನು ತೆಗೆದು ಆಯಿಲ್ ಹಾಕಿ, ಉಸಿರಾಡುವ ತೂತಿರುವ ಮುಚ್ಚಳ ಕೂರಿಸಿ. ಟ್ಯಾಂಕಿನ ವಾಲ್ವ್ ತೆರೆದಿಟ್ಟು ಅರ್ಧ ಗಂಟೆ ಸುಮ್ನೆ ಓಡಿಸಿ, ರಿಂಗುಗಳು ಹದಕ್ಕೆ ಬರುತ್ತವೆ. ಪುಸ್ತಕದಲ್ಲಿ ಬೇರೆ ಸಮಯ ಹೇಳಿದ್ದರೆ ಅದನ್ನೇ ಪಾಲಿಸಿ.

ಆಮೇಲೆ ವಾಲ್ವ್ ಮುಚ್ಚಿ ಟ್ಯಾಂಕ್ ತುಂಬಲು ಬಿಡಿ. ಮೋಟಾರ್ ತಾನಾಗಿ ನಿಲ್ಲುವುದು ಎಷ್ಟು ಬಾರ್‌ಗೆ, ಮತ್ತೆ ಶುರುವಾಗುವುದು ಎಷ್ಟಕ್ಕೆ, 5ರಿಂದ 7ಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು, ಮೂರನ್ನೂ ಮಾರ್ಕರ್ ಪೆನ್ನಿನಲ್ಲಿ ಟ್ಯಾಂಕ್ ಮೇಲೇ ಬರೆದಿಡಿ. ಸೇಫ್ಟಿ ವಾಲ್ವ್‌ನ ಉಂಗುರವನ್ನು ಒಮ್ಮೆ ಎಳೆದು ಬಿಡಿ, ಗಾಳಿ ಬುಸ್ಸನೆ ಹೊರಬಂದು ನಿಂತರೆ ಅದು ಬದುಕಿದೆ. ಎಳೆಯುವಾಗ ಮುಖ ಆಚೆಗಿರಲಿ. ನನ್ನದರ ಮೇಲೆ ಬರೆದದ್ದು "47 ಸೆಕೆಂಡ್". ಈಗ 52 ಹಿಡಿಯುತ್ತಿದೆ, ಈ ಭಾನುವಾರ ಗಾಳಿ ಎಳೆಯುವ ಕಡೆಯ ಫಿಲ್ಟರ್ ಬಿಚ್ಚಿ ನೋಡಬೇಕು.